ಬಾಗಿಲಿಗೆ ಅಂಟಿಸುವ ನೋಟಿಸು ನಮ್ಮ ಭಾಷೆಯಲ್ಲಿಯೂ ಇರಲಿ

ಮಾನ್ಯ ಸಂಪಾದಕರಿಗೆ,

ಮುಂಬಯಿಯಲ್ಲಿ ಮನೆಗಳ ನೋಂದಣಿ ಏರುತ್ತಿದೆ ಎಂಬ ಸುದ್ದಿ ತಿಂಗಳು ತಿಂಗಳೂ ತಮ್ಮ ಪತ್ರಿಕೆಯಲ್ಲಿ ಬರುತ್ತದೆ. 2024ರಲ್ಲಿ ಬೃಹನ್ಮುಂಬಯಿ ಮಹಾನಗರಪಾಲಿಕೆಯ ವ್ಯಾಪ್ತಿಯೊಂದರಲ್ಲೇ 1.4 ಲಕ್ಷಕ್ಕಿಂತ ಹೆಚ್ಚು ಆಸ್ತಿಗಳು ನೋಂದಣಿಯಾದವು. ಅವುಗಳಲ್ಲಿ ನಮ್ಮ ಕನ್ನಡಿಗರ ಮನೆಗಳೂ ಇವೆ ಎಂಬ ಸಂತೋಷ ನನಗೂ ಇದೆ. ಆದರೆ ಮನೆ ಕೊಂಡವರನ್ನು ತಿಂಗಳಿಗೊಮ್ಮೆ ಎಣಿಸುವ ಈ ನಗರದಲ್ಲಿ ಮನೆ ಕಳೆದುಕೊಂಡವರ ಲೆಕ್ಕ ಸಾಮಾನ್ಯ ಓದುಗನ ಕಣ್ಣಿಗೆ ಬೀಳುವುದೇ ಇಲ್ಲ. ಅಡವಿಟ್ಟ ಆಸ್ತಿಯನ್ನು ಜಪ್ತಿ ಮಾಡಿ ಬ್ಯಾಂಕುಗಳು ವಸೂಲು ಮಾಡಿದ ಮೊತ್ತವನ್ನು ರಿಸರ್ವ್ ಬ್ಯಾಂಕು ಪ್ರತಿವರ್ಷ ಇಡೀ ದೇಶಕ್ಕೆ ಒಟ್ಟಾಗಿ ಪ್ರಕಟಿಸುತ್ತದೆ. ಅದರಲ್ಲಿ ಕಾರ್ಖಾನೆ ಎಷ್ಟು, ಗೋದಾಮು ಎಷ್ಟು, ಸಂಸಾರವೊಂದು ಬದುಕುತ್ತಿದ್ದ ಒಂದು ಬೆಡ್‌ರೂಮಿನ ಮನೆ ಎಷ್ಟು ಎಂದು ಬಿಡಿಸಿ ಹೇಳುವುದಿಲ್ಲ. ಡೊಂಬಿವಲಿ ಪೂರ್ವದ ಒಂದು ಸಹಕಾರಿ ಹೌಸಿಂಗ್ ಸೊಸೈಟಿಗೆ ಹನ್ನೆರಡು ವರ್ಷಗಳಿಂದ ಕಾರ್ಯದರ್ಶಿಯಾಗಿರುವ ನಾನು ಆ ಲೆಕ್ಕದ ಒಂದು ಮೂಲೆಯನ್ನು ಕಣ್ಣಾರೆ ಕಂಡಿದ್ದೇನೆ. ಅದನ್ನು ತಮ್ಮ ಓದುಗರ ಮುಂದಿಟ್ಟು, ಜಪ್ತಿಯ ನೋಟಿಸುಗಳನ್ನು ಕನ್ನಡದಲ್ಲಿ ವಿವರಿಸುವ ಅಂಕಣವೊಂದನ್ನು ಆರಂಭಿಸಿರೆಂದು ತಮ್ಮಲ್ಲಿ ಕೋರುವುದಕ್ಕಾಗಿ ಈ ಪತ್ರ.

ಮೊದಲು ‘ಸ್ವಂತ ಮನೆ’ ಎಂಬ ಮಾತನ್ನೇ ನೋಡೋಣ. 2011ರ ಜನಗಣತಿಯ ಪ್ರಕಾರ ಭಾರತದ ನಗರಗಳಲ್ಲಿ ಶೇ. 69ರಷ್ಟು ಕುಟುಂಬಗಳು ಸ್ವಂತ ಮನೆಯಲ್ಲಿಯೂ ಶೇ. 27ಕ್ಕೂ ಸ್ವಲ್ಪ ಹೆಚ್ಚು ಕುಟುಂಬಗಳು ಬಾಡಿಗೆ ಮನೆಯಲ್ಲಿಯೂ ಇದ್ದವು. 2021ರ ಗಣತಿ ನಡೆಯದೇ ಹೋದುದರಿಂದ ಇಂದಿಗೂ ಎಲ್ಲರೂ ಈ ಅಂಕಿಯನ್ನೇ ಉದ್ಧರಿಸುತ್ತಾರೆ. ಆದರೆ ಗಣತಿಯವರು ಕೇಳುವುದು ಮನೆ ಸ್ವಂತದ್ದೋ ಬಾಡಿಗೆಯದ್ದೋ ಎಂದು ಮಾತ್ರ. ಸಾಲವೆಲ್ಲ ತೀರಿ ಷೇರ್ ಸರ್ಟಿಫಿಕೇಟು ಕೈಗೆ ಬಂದವನೂ ಸ್ವಂತದವನೇ, ಇನ್ನೂ ಹದಿನೆಂಟು ವರ್ಷ ಕಂತು ಕಟ್ಟಬೇಕಾದವನೂ ಸ್ವಂತದವನೇ. ಝೋಪಡಿಯಲ್ಲಿರುವವರೂ ತಮ್ಮದು ಸ್ವಂತದ್ದೆಂದೇ ಹೇಳುತ್ತಾರೆ, ಅದು ತಪ್ಪೂ ಅಲ್ಲ. ಪಗಡಿ (ಮಾಲೀಕನಿಗೆ ಒಮ್ಮೆಗೇ ಕೊಡುವ ದೊಡ್ಡ ಮೊತ್ತ) ಕೊಟ್ಟು ಖೋಲಿ (ಕೋಣೆ) ಹಿಡಿದವರು ಮಾತ್ರ ಮೂರು ತಲೆಮಾರು ಅಲ್ಲಿಯೇ ಬಾಳಿದರೂ ಕಾನೂನಿನ ಕಣ್ಣಿಗೆ ಬಾಡಿಗೆದಾರರು.

ನಮ್ಮ ಹಿರಿಯರು ಈ ಊರಿಗೆ ಬಂದಾಗ ಹೋಟೆಲಿನ ಮೇಜುಗಳನ್ನು ಜೋಡಿಸಿ ಅವುಗಳ ಮೇಲೆ ಮಲಗುತ್ತಿದ್ದರು, ಸಂಜೆ ರಾತ್ರಿಶಾಲೆಗೆ ಹೋಗುತ್ತಿದ್ದರು. ಮುಂದೆ ಪರೇಲ್, ಮಾಟುಂಗಾ, ಫೋರ್ಟ್‌ ಕಡೆಗಳಲ್ಲಿ ಪಗಡಿಯ ಖೋಲಿ ಹಿಡಿದರು. 1947ರ ಬಾಡಿಗೆ ನಿಯಂತ್ರಣ ಕಾಯ್ದೆಯ ರಕ್ಷಣೆ ಅವರಿಗಿತ್ತು, 1999ರ ಕಾಯ್ದೆ ಪಗಡಿಯ ಕೊಡುಕೊಳ್ಳುವಿಕೆಗೂ ಮಾನ್ಯತೆ ಕೊಟ್ಟಿತು. ಪಗಡಿಯ ಖೋಲಿಯ ಮೇಲೆ ಬ್ಯಾಂಕುಗಳು ಸಾಮಾನ್ಯವಾಗಿ ಸಾಲ ಕೊಡುವುದಿಲ್ಲ. ಆದ್ದರಿಂದ ಅದನ್ನು ಬ್ಯಾಂಕು ಕಸಿದುಕೊಳ್ಳುವ ಪ್ರಶ್ನೆಯೂ ಇರಲಿಲ್ಲ. ಮಕ್ಕಳ ಕಾಲಕ್ಕೆ ನಾವು ಡೊಂಬಿವಲಿ, ಕಲ್ಯಾಣ್, ಮೀರಾರೋಡ್, ವಸಾಯಿ, ವಿರಾರ್ ಕಡೆಗೆ ಸರಿದೆವು, ಸಾಲ ತೆಗೆದು ಮನೆ ಕೊಂಡೆವು. ಅಪ್ಪ ಖೋಲಿಯಲ್ಲಿದ್ದರು, ನಾವು ಬ್ಲಾಕಿಗೆ ಬಂದೆವು ಎಂದು ಊರಿನಲ್ಲಿ ಹೆಮ್ಮೆಯಿಂದ ಹೇಳಿಕೊಂಡೆವು. ಆದರೆ ಅಪ್ಪನಿಗೆ ಇಲ್ಲದಿದ್ದ ಒಂದು ಭಯವೂ ಬ್ಲಾಕಿನ ಜೊತೆಗೆ ಬಂತು. ಅದನ್ನು ಎದುರಿಸುವ ತಿಳಿವಳಿಕೆ ಮಾತ್ರ ಬಂದಿಲ್ಲ ಎಂಬುದು ನನ್ನ ಚಿಂತೆ.

ನಮ್ಮ ಕಟ್ಟಡದ ಮೂರನೇ ಮಹಡಿಯಲ್ಲಿದ್ದ ಕುಟುಂಬದ ವಿಷಯ ಹೇಳುತ್ತೇನೆ. ಯಜಮಾನರು ಉಡುಪಿ ಕಡೆಯವರು, ಅಂಧೇರಿಯ ಒಂದು ಆಫೀಸು ಕಟ್ಟಡದಲ್ಲಿ ಕ್ಯಾಂಟೀನು ನಡೆಸುತ್ತಿದ್ದರು. ಮನೆಯ ಸಾಲ ಮುಕ್ಕಾಲು ಪಾಲು ತೀರಿತ್ತು. 2019ರಲ್ಲಿ ಅದೇ ಮನೆಯನ್ನು ಅಡವಿಟ್ಟು, ಎರಡನೆಯ ಕ್ಯಾಂಟೀನಿಗೆಂದು ಒಂದು ಹಣಕಾಸು ಕಂಪನಿಯಿಂದ ದೊಡ್ಡ ಸಾಲ ತೆಗೆದರು. ಮುಂದಿನ ಮಾರ್ಚಿನಲ್ಲಿ ಆಫೀಸುಗಳೆಲ್ಲ ಮುಚ್ಚಿದವು. 2020ರ ಮಾರ್ಚ್ 1ರಿಂದ ಆಗಸ್ಟ್ 31ರವರೆಗೆ ಕಂತು ಮುಂದೂಡಲು ರಿಸರ್ವ್ ಬ್ಯಾಂಕು ಅವಕಾಶ ಕೊಟ್ಟಿದ್ದರಿಂದ ಆರು ತಿಂಗಳು ಉಸಿರಾಡಿದರು. ಆದರೆ ಕಂತು ನಿಂತರೂ ಬಡ್ಡಿ ನಿಂತಿರಲಿಲ್ಲ. ಆಫೀಸಿನವರು ಮನೆಯಿಂದಲೇ ಕೆಲಸ ಮಾಡುವುದನ್ನು ರೂಢಿ ಮಾಡಿಕೊಂಡ ಮೇಲೆ ಕ್ಯಾಂಟೀನು ಮತ್ತೆ ಚೇತರಿಸಿಕೊಳ್ಳಲಿಲ್ಲ.

ಒಂದು ದಿನ ಮಧ್ಯಾಹ್ನ ಇಬ್ಬರು ಬಂದು ಅವರ ಬಾಗಿಲಿಗೆ ನೋಟಿಸು ಅಂಟಿಸಿದರು, ಅದರ ಒಂದು ಪ್ರತಿಯನ್ನು ಸೊಸೈಟಿಯ ಆಫೀಸಿಗೂ ಕೊಟ್ಟು ನನ್ನ ಸಹಿ ತೆಗೆದುಕೊಂಡರು. ಯಜಮಾನರು ರಾತ್ರಿ ಮನೆಗೆ ಬಂದು ಆ ಕಾಗದವನ್ನು ಕಿತ್ತುಹಾಕಿದರು. ಅಂಟು ಗಟ್ಟಿಯಾಗಿದ್ದುದರಿಂದ ನಾಲ್ಕು ಮೂಲೆಗಳಲ್ಲಿ ಕಾಗದದ ಚೂರುಗಳು ಬಾಗಿಲಿಗೇ ಕಚ್ಚಿಕೊಂಡಿದ್ದವು. ಮರುದಿನ ಆ ಜಾಗದ ಮೇಲೆ ಒಂದು ಗಣಪತಿಯ ಕ್ಯಾಲೆಂಡರು ತೂಗುತ್ತಿತ್ತು. ಅವರ ಹೆಂಡತಿ ಅದಾದ ಮೂರನೆಯ ದಿನ ನನ್ನ ಬಳಿ ಬಂದು, “ಅಣ್ಣಾ, ಆ ಕಾಗದದಲ್ಲಿ ಏನು ಬರೆದಿತ್ತು? ಇವರು ಹೇಳುವುದಿಲ್ಲ” ಎಂದು ಕೇಳಿದರು. ಕಾಗದ ಇಂಗ್ಲಿಷಿನಲ್ಲಿತ್ತು. ಆಮೇಲೆ ಕಪಾಟಿನ ಕೆಳಗಿನ ಅರೆಯಲ್ಲಿ, ಹಳೆಯ ಸೀರೆಗಳ ಅಡಿಯಲ್ಲಿ ರಿಜಿಸ್ಟರ್ಡ್ ಅಂಚೆಯ ಏಳು ಲಕೋಟೆಗಳು ಸಿಕ್ಕವು. ಅವುಗಳಲ್ಲಿ ಐದನ್ನು ಒಡೆದೇ ಇರಲಿಲ್ಲ. ಆ ಏಳರಲ್ಲಿ ಒಂದು ಅರವತ್ತು ದಿನಗಳ ನೋಟಿಸು, ಅದರ ಅವಧಿ ಮುಗಿದು ಎಷ್ಟೋ ಕಾಲವಾಗಿತ್ತು. ಕೊನೆಗೆ ಮನೆ ಹರಾಜಾಯಿತು. ನಮ್ಮ ಕಟ್ಟಡದಲ್ಲೇ ಅಂಥ ಮನೆಗೆ ಅದೇ ವರ್ಷ ಬಂದಿದ್ದ ಬೆಲೆಗಿಂತ ಬಹಳ ಕಡಿಮೆಗೆ ಹೋಯಿತು. ಅವರು ಈಗ ಬದಲಾಪುರದಲ್ಲಿ ಬಾಡಿಗೆಗೆ ಇದ್ದಾರೆ. ಸಹಿ ಹಾಕಿ ತೆಗೆದುಕೊಂಡ ಪ್ರತಿಯನ್ನು ನಾನು ಅಂದು ಫೈಲಿಗೆ ಸೇರಿಸಿ ಸುಮ್ಮನಾದೆ. ಅವರ ಮನೆಯ ವಿಷಯ, ನಾನೇಕೆ ತಲೆಹಾಕಲಿ ಎಂದುಕೊಂಡೆ. ಆ ದಿನವೇ ಅವರ ಬಾಗಿಲು ತಟ್ಟಬೇಕಿತ್ತು ಎಂಬ ನೋವು ಇವತ್ತಿಗೂ ಹೋಗಿಲ್ಲ.

ಆ ಲಕೋಟೆಗಳನ್ನು ಓದಲೆಂದೇ ನಾನು ಕಾನೂನನ್ನು ಕಲಿತೆ. 2002ರ ಸರ್ಫೇಸಿ ಕಾಯ್ದೆಯ ಪ್ರಕಾರ ಕೋರ್ಟಿಗೆ ಹೋಗದೆಯೇ ಬ್ಯಾಂಕು ಅಡವಿನ ಆಸ್ತಿಯನ್ನು ವಶಪಡಿಸಿಕೊಂಡು ಮಾರಬಹುದು. ಸಹಕಾರಿ ಬ್ಯಾಂಕುಗಳಿಗೂ ಈ ಅಧಿಕಾರ ಉಂಟೆಂದು ಸುಪ್ರೀಂ ಕೋರ್ಟು 2020ರಲ್ಲಿ ಹೇಳಿದೆ. ನಮ್ಮವರಲ್ಲಿ ಬಹಳ ಮಂದಿಯ ಸಾಲ ಸಹಕಾರಿ ಬ್ಯಾಂಕುಗಳಲ್ಲಿರುವುದರಿಂದ ಇದನ್ನು ನೆನಪಿಡಬೇಕು. ಆದರೆ ಕಾಯ್ದೆಯು ಬ್ಯಾಂಕಿನ ಕೈಗೆ ಕೋಲು ಕೊಟ್ಟಂತೆ ಸಾಲಗಾರನ ಕೈಗೂ ದಿನಗಳನ್ನು ಕೊಟ್ಟಿದೆ, ಮತ್ತು ಆ ದಿನಗಳೇ ಅವನ ಆಸ್ತಿ. ಬಾಕಿ 90 ದಿನ ದಾಟಿದರೆ ಖಾತೆಯನ್ನು ಅನುತ್ಪಾದಕ, ಅಂದರೆ ವಸೂಲಾಗದೆ ನಿಂತ ಸಾಲ, ಎಂದು ಬರೆಯುತ್ತಾರೆ. ಅನಂತರ 13(2) ಕಲಮಿನ ನೋಟಿಸು ಬರುತ್ತದೆ, ಅದರ ಅವಧಿ 60 ದಿನ. ಈ ಅವಧಿಯಲ್ಲಿ ಸಾಲಗಾರ ತನ್ನ ಆಕ್ಷೇಪವನ್ನು ಬರವಣಿಗೆಯಲ್ಲಿ ಕೊಟ್ಟರೆ ಬ್ಯಾಂಕು 15 ದಿನಗಳೊಳಗೆ ಕಾರಣ ಸಹಿತ ಉತ್ತರ ಕೊಡಲೇಬೇಕು. ಬಡ್ಡಿಯ ಲೆಕ್ಕ ತಪ್ಪಿದೆ, ಕಟ್ಟಿದ ಕಂತು ಜಮೆಯಾಗಿಲ್ಲ, ಇನ್ನಿಷ್ಟು ತಿಂಗಳು ಸಮಯ ಕೊಡಿ ಎಂದು ಹೇಳುವುದಾದರೆ ಹೇಳಬೇಕಾದ ಹೊತ್ತು ಇದೇ. ಅಸಲು ಮತ್ತು ಬಡ್ಡಿಯ ಶೇ. 20ಕ್ಕಿಂತ ಕಡಿಮೆ ಮಾತ್ರ ಬಾಕಿ ಉಳಿದಿದ್ದರೆ ಈ ಕಾಯ್ದೆಯ ಪ್ರಕಾರ ಜಪ್ತಿಗೆ ಬರುವಂತೆಯೇ ಇಲ್ಲ. ಇದು ಎಷ್ಟು ಜನರಿಗೆ ಗೊತ್ತು?

ಅರವತ್ತು ದಿನ ಕಳೆದ ಮೇಲೆ ಬಾಗಿಲಿಗೆ ಅಂಟಿಸುವುದು ಸ್ವಾಧೀನದ ನೋಟಿಸು. ಅದು ಬಹುತೇಕ ಮೊದಲಿಗೆ ಕಾಗದದ ಮೇಲಿನ ಸ್ವಾಧೀನವಷ್ಟೆ. ಒಳಗಿದ್ದವರನ್ನು ಹೊರಗೆ ಹಾಕಬೇಕಾದರೆ ಬ್ಯಾಂಕಿನವರು ಸಾಮಾನ್ಯವಾಗಿ ಜಿಲ್ಲಾಧಿಕಾರಿಯ ಅಥವಾ ಮುಖ್ಯ ಮ್ಯಾಜಿಸ್ಟ್ರೇಟರ ಆದೇಶ ತರುತ್ತಾರೆ. ಸ್ವಾಧೀನದ ಕ್ರಮದ ವಿರುದ್ಧ, ಜನ ಡಿಆರ್‌ಟಿ ಎನ್ನುವ ಸಾಲ ವಸೂಲಾತಿ ನ್ಯಾಯಮಂಡಳಿಗೆ 45 ದಿನಗಳೊಳಗೆ ಅರ್ಜಿ ಹಾಕಬಹುದು. ಇದಕ್ಕೆ ಬಾಕಿಯ ಮುಕ್ಕಾಲು ಭಾಗವನ್ನು ಮೊದಲೇ ಠೇವಣಿ ಇಡಬೇಕೆಂದು ಆರಂಭದಲ್ಲಿ ಇದ್ದ ನಿಯಮವನ್ನು ಸುಪ್ರೀಂ ಕೋರ್ಟು 2004ರಲ್ಲೇ ರದ್ದು ಮಾಡಿತು. ಆದರೂ “ಕೇಸು ಹಾಕಲು ಲಕ್ಷಗಟ್ಟಲೆ ಕಟ್ಟಬೇಕಂತೆ” ಎಂಬ ಮಾತು ಲೋಕಲ್ ಗಾಡಿಯಲ್ಲಿ ಇನ್ನೂ ಕೇಳಿಬರುತ್ತದೆ. ಠೇವಣಿ ಬೇಕಾಗುವುದು ಅಲ್ಲಿ ಸೋತು ಮೇಲ್ಮನವಿಗೆ ಹೋಗುವಾಗ. ಪೂರ್ತಿ ಬಾಕಿ ಕಟ್ಟಿ ಮನೆಯನ್ನು ಬಿಡಿಸಿಕೊಳ್ಳುವ ಹಕ್ಕು ಹಿಂದೆ ಮಾರಾಟ ಮುಗಿಯುವವರೆಗೂ ಇತ್ತು. 2016ರ ತಿದ್ದುಪಡಿಯ ಮೇಲೆ ಅದು ಹರಾಜಿನ ಪ್ರಕಟಣೆ ಹೊರಬೀಳುವ ತನಕ ಮಾತ್ರ, ಇದನ್ನು ಸುಪ್ರೀಂ ಕೋರ್ಟು 2023ರಲ್ಲಿ ಸ್ಪಷ್ಟಪಡಿಸಿತು. ಹರಾಜಿನ ದಿನ ದುಡ್ಡು ಹೊಂದಿಸಿ ತಂದರಾಯಿತು ಎಂದು ನಂಬಿಕೊಂಡವರಿಗೆ ಈಗ ಮನೆ ಸಿಗುವುದಿಲ್ಲ.

ಈಗ ಭಾಷೆಯ ವಿಷಯಕ್ಕೆ ಬರುತ್ತೇನೆ. ಸ್ವಾಧೀನದ ನೋಟಿಸನ್ನು ಎರಡು ಪ್ರಮುಖ ಪತ್ರಿಕೆಗಳಲ್ಲಿ ಪ್ರಕಟಿಸಬೇಕು, ಅವುಗಳಲ್ಲಿ ಒಂದು ಆ ಪ್ರದೇಶದ ದೇಶಭಾಷೆಯದ್ದಾಗಿರಬೇಕು ಎಂದು ನಿಯಮ ಹೇಳುತ್ತದೆ. ಮುಂಬಯಿಯಲ್ಲಿ ಅದು ಸಹಜವಾಗಿಯೇ ಮರಾಠಿ. ಇದರಲ್ಲಿ ನನ್ನ ಆಕ್ಷೇಪವಿಲ್ಲ, ನಮಗೆ ಅನ್ನ ಕೊಟ್ಟ ನೆಲದ ಭಾಷೆ ಅದು, ನಮ್ಮ ಮಕ್ಕಳು ಅದನ್ನು ಚೆನ್ನಾಗಿ ಓದುತ್ತಾರೆ. ಆದರೆ ಮನೆಯ ಕಾಗದಪತ್ರಗಳಿಗೆ ಸಹಿ ಹಾಕಿದವರು ಮಕ್ಕಳಲ್ಲ. ಊರಿನ ಶಾಲೆಯಲ್ಲಿ ಕನ್ನಡ ಕಲಿತು, ಇಲ್ಲಿ ಗಿರಾಕಿಗಳ ಜೊತೆ ಮರಾಠಿ ಮತ್ತು ಹಿಂದಿ ಮಾತನಾಡಲು ಕಲಿತು, ಓದುವುದಕ್ಕೆ ಮಾತ್ರ ತಮ್ಮ ಪತ್ರಿಕೆಯನ್ನೇ ನೆಚ್ಚಿಕೊಂಡಿರುವ ಅರವತ್ತರ ಆಚೀಚಿನವರು ಅವರು. ಸಹಸಾಲಗಾರರಾಗಿ ಸಹಿ ಹಾಕಿದ ಹೆಂಗಸರಂತೂ ಎಷ್ಟೋ ಮನೆಗಳಲ್ಲಿ ತಾವು ಸಾಲಗಾರರು ಎಂಬುದನ್ನೇ ಅರಿಯರು. ಬ್ಯಾಂಕೇತರ ಹಣಕಾಸು ಕಂಪನಿಗಳಿಗೆ ರಿಸರ್ವ್ ಬ್ಯಾಂಕು ವಿಧಿಸಿರುವ ನ್ಯಾಯಯುತ ವ್ಯವಹಾರದ ಸಂಹಿತೆಯಲ್ಲಿ, ಸಾಲಗಾರನಿಗೆ ಬರೆಯುವುದೆಲ್ಲ ದೇಶಭಾಷೆಯಲ್ಲಿ ಅಥವಾ ಅವನಿಗೆ ಅರ್ಥವಾಗುವ ಭಾಷೆಯಲ್ಲಿ ಇರಬೇಕೆಂದು ಸ್ಪಷ್ಟವಾಗಿದೆ. ಸಾಲಕ್ಕೆ ಸಹಿ ಹಾಕುವ ದಿನವೇ ‘ನನಗೆ ಕನ್ನಡದಲ್ಲಿ ಬರೆಯಿರಿ’ ಎಂದು ಅರ್ಜಿ ಕೊಟ್ಟು ಅದರ ಸ್ವೀಕೃತಿ ಪಡೆದವರು ನಮ್ಮಲ್ಲಿ ಎಷ್ಟು ಮಂದಿ ಇದ್ದಾರೆ?

ಪದಗಳೂ ನಮ್ಮನ್ನು ದಾರಿ ತಪ್ಪಿಸುತ್ತವೆ. ಅಮೆರಿಕದಲ್ಲಿ ‘ಫೋರ್‌ಕ್ಲೋಸರ್’ ಎಂದರೆ ಸಾಲ ಕಟ್ಟದವನ ಮನೆಯನ್ನು ಬ್ಯಾಂಕು ವಶಪಡಿಸಿಕೊಳ್ಳುವುದು. ನಮ್ಮ ಬ್ಯಾಂಕುಗಳ ವ್ಯವಹಾರದಲ್ಲಿ ಅದೇ ಮಾತಿಗೆ, ಅವಧಿಗೆ ಮೊದಲೇ ಸಾಲವನ್ನು ಪೂರ್ತಿ ತೀರಿಸುವುದು ಎಂಬ ಅರ್ಥ. ‘ಫೋರ್‌ಕ್ಲೋಸರ್ ಪತ್ರ’ ತಂದುಕೊಳ್ಳಿ ಎಂದು ಬ್ಯಾಂಕಿನವರು ಹೇಳಿದ್ದಕ್ಕೆ, ಹೊರದೇಶದಲ್ಲಿರುವ ಮಗನಿಗೆ ಫೋನು ಮಾಡಿ ಅಳುತ್ತಿದ್ದ ಒಬ್ಬ ತಾಯಿಯನ್ನು ನಾನು ಸಮಾಧಾನ ಮಾಡಬೇಕಾಯಿತು. ಆಕೆಯ ಸಾಲದಲ್ಲಿ ಉಳಿದಿದ್ದುದು ಕೇವಲ ಕೆಲವು ಕಂತುಗಳು.

ಬಾಕಿ ಬೀಳುವುದೆಲ್ಲ ದುಂದಿನಿಂದ ಎಂದು ತಿಳಿದವರಿಗಾಗಿ ಒಂದು ಲೆಕ್ಕ ಕೊಡುತ್ತೇನೆ. 25 ಲಕ್ಷ ರೂಪಾಯಿಯ ಸಾಲಕ್ಕೆ ಶೇ. 7ರ ಬಡ್ಡಿಯಲ್ಲಿ 20 ವರ್ಷಗಳ ಕಂತು ತಿಂಗಳಿಗೆ ಸುಮಾರು 19,382 ರೂಪಾಯಿ. 2022ರ ಮೇ ತಿಂಗಳಿನಿಂದ 2023ರ ಫೆಬ್ರವರಿಯೊಳಗೆ ರಿಸರ್ವ್ ಬ್ಯಾಂಕು ರೆಪೊ ದರವನ್ನು, ಅಂದರೆ ತಾನು ಬ್ಯಾಂಕುಗಳಿಗೆ ಕೊಡುವ ಸಾಲದ ಬಡ್ಡಿದರವನ್ನು, ಶೇ. 4ರಿಂದ ಶೇ. 6.5ಕ್ಕೆ ಏರಿಸಿತು. ಅದೇ ಎರಡೂವರೆ ಅಂಶ ಮನೆಸಾಲದ ಮೇಲೆ ಬಿದ್ದು ಬಡ್ಡಿ ಶೇ. 9.5 ಆಯಿತೆಂದರೆ 25 ಲಕ್ಷಕ್ಕೆ ತಿಂಗಳ ಬಡ್ಡಿಯೇ 19,791 ರೂಪಾಯಿ. ಅಂದರೆ ಹೊಸದಾಗಿ ಸಾಲ ತೆಗೆದವನು ಹಳೆಯ ಕಂತನ್ನು ತಪ್ಪದೆ ಕಟ್ಟಿದರೂ ಅಸಲು ಕರಗುವುದಿಲ್ಲ. ಕಂತು ಅಷ್ಟೇ ಇದೆಯಲ್ಲ ಎಂದು ನಾವು ನೆಮ್ಮದಿಯಿಂದ ಇದ್ದಾಗ ಅವಧಿ ಬೆಳೆಯುತ್ತ ಹೋಗಿರುತ್ತದೆ. ನನ್ನ ಮಗಳ ಸಾಲದಲ್ಲಿ ಹೀಗೇ ಆಯಿತು. ಅವಧಿ ಬೆಳೆದದ್ದು ಎರಡು ವರ್ಷಗಳ ಬಳಿಕ ಸ್ಟೇಟ್‌ಮೆಂಟು ತರಿಸಿದಾಗ ತಿಳಿಯಿತು, ಸಾಲ ಕೊಟ್ಟವರಿಂದ ಒಂದು ಮಾತೂ ಬಂದಿರಲಿಲ್ಲ. ಕಂತು ಏರಿಸಬೇಕೇ, ಅವಧಿ ಬೆಳೆಸಬೇಕೇ ಎಂಬ ಆಯ್ಕೆಯನ್ನು ಸಾಲಗಾರನಿಗೇ ಕೊಡಬೇಕೆಂದು ರಿಸರ್ವ್ ಬ್ಯಾಂಕು 2023ರ ಆಗಸ್ಟಿನಲ್ಲಿ ಆದೇಶ ಹೊರಡಿಸಿದೆ. 2025ರಲ್ಲಿ ರೆಪೊ ದರ ಇಳಿದಿದೆ. ನಮ್ಮ ಸಾಲದ ದರವೂ ಇಳಿದಿದೆಯೇ ಎಂದು ಕೇಳಿ ತಿಳಿದುಕೊಳ್ಳುವುದು ನಮ್ಮ ಹಕ್ಕು.

ಜಾಮೀನಿನ ವಿಷಯವನ್ನೂ ಹೇಳದೆ ಇರಲಾರೆ. ಊರಿನವ, ಜಾತಿಯವ, ಒಟ್ಟಿಗೆ ಹೋಟೆಲಿನಲ್ಲಿ ದುಡಿದವ ಎಂಬ ದಾಕ್ಷಿಣ್ಯಕ್ಕೆ ಕಟ್ಟುಬಿದ್ದು ನಾವು ಸಹಿ ಹಾಕುತ್ತೇವೆ. ಕಾನೂನಿನಲ್ಲಿ ಜಾಮೀನುದಾರನ ಹೊಣೆ ಸಾಲಗಾರನ ಹೊಣೆಯಷ್ಟೇ ದೊಡ್ಡದು. ಬ್ಯಾಂಕು ಮೊದಲು ಸಾಲಗಾರನನ್ನು ಹಿಡಿದು ಆಮೇಲೆ ಜಾಮೀನುದಾರನ ಬಳಿಗೆ ಬರಬೇಕೆಂದೇನೂ ಇಲ್ಲ. ಇನ್ನು ಕಲ್ಯಾಣ್-ಡೊಂಬಿವಲಿ ಮಹಾನಗರಪಾಲಿಕೆಯ ವ್ಯಾಪ್ತಿಯಲ್ಲಿ ಸುಳ್ಳು ದಾಖಲೆಗಳ ಮೇಲೆ ರೇರಾ (ಸ್ಥಿರಾಸ್ತಿ ನಿಯಂತ್ರಣ ಪ್ರಾಧಿಕಾರ) ನೋಂದಣಿ ಪಡೆದ 65 ಕಟ್ಟಡಗಳನ್ನು ಕೆಡವಲು ಬಾಂಬೆ ಹೈಕೋರ್ಟು 2024ರಲ್ಲಿ ಆದೇಶಿಸಿದಾಗ, ಅಲ್ಲಿ ಮನೆ ಕೊಂಡವರು ಎದುರಿಸಿದ ಸಂಕಟ ಬೇರೆಯೇ ಬಗೆಯದು: ಗೋಡೆ ಬಿದ್ದರೂ ಸಾಲ ಬೀಳುವುದಿಲ್ಲ.

ಕಳೆದ ವರ್ಷ ನಮ್ಮ ಪಕ್ಕದ ಕಟ್ಟಡದ ಒಬ್ಬ ವಿಧವೆ, ಮನೆಯಲ್ಲೇ ದೋಸೆಹಿಟ್ಟು ರುಬ್ಬಿ ಮಾರಿ ಜೀವನ ಮಾಡುವವರು, ಲಕೋಟೆಯನ್ನು ಒಡೆಯದೆಯೇ ನನ್ನ ಬಳಿಗೆ ತಂದರು. ನೋಟಿಸು ಬಂದು ಹನ್ನೊಂದು ದಿನವಾಗಿತ್ತಷ್ಟೆ. ವಕೀಲರೊಬ್ಬರ ಸಹಾಯದಿಂದ ಉತ್ತರ ಬರೆದೆವು. ಕಂತು ಮುಂದುವರಿಸುವ ಶಕ್ತಿ ಅವರಿಗಿಲ್ಲ ಎಂಬುದು ನಮಗೂ ಗೊತ್ತಿತ್ತು. ನೋಟಿಸು ಬಂದ ಮೇಲೆ ಸಾಲ ಕೊಟ್ಟವರ ಲಿಖಿತ ಒಪ್ಪಿಗೆ ಇಲ್ಲದೆ ಮನೆಯನ್ನು ಮಾರುವಂತಿಲ್ಲ; ಆ ಒಪ್ಪಿಗೆಯನ್ನೇ ಕೇಳಿದೆವು, ಎರಡು ಸಲ ಓಡಾಡಿದ ಮೇಲೆ ಸಿಕ್ಕಿತು. ಪೇಟೆಯ ದರಕ್ಕೆ ಮಾರಿ ಸಾಲ ತೀರಿಸಿ, ಉಳಿದ ಹಣದಲ್ಲಿ ಅವರು ಅಂಬರ್‌ನಾಥದ ಆಚೆ ಒಂದು ಚಿಕ್ಕ ರೂಮು-ಕಿಚನ್ ಕೊಂಡರು. ಮನೆ ಹೋಯಿತೆಂಬ ದುಃಖ ಅವರಿಗೆ ಇದ್ದೇ ಇದೆ. ಆದರೆ ರುಬ್ಬುವ ಯಂತ್ರವನ್ನು ಇಟ್ಟುಕೊಳ್ಳಲು ತಮ್ಮದೇ ಒಂದು ಸೂರು ಇದೆ. ಮೂರನೇ ಮಹಡಿಯವರಿಗೂ ಈ ದಾರಿ ತೆರೆದಿತ್ತು. ಆ ಲಕೋಟೆ ಸೀರೆಗಳ ಅಡಿಯಲ್ಲಿದ್ದಾಗ ಅದು ಮುಚ್ಚಿಹೋಯಿತು.

ಲಕೋಟೆ ಬಚ್ಚಿಡುವುದಕ್ಕೆ ಕಾರಣ ಭಾಷೆಯೊಂದೇ ಅಲ್ಲ, ಮರ್ಯಾದೆಯ ಪ್ರಶ್ನೆಯೂ ಹೌದು. ಊರಿನಲ್ಲಿ ದೈವದ ಕೋಲಕ್ಕೆ, ನೇಮಕ್ಕೆ ಹೋದಾಗ ಬೊಂಬಾಯಿಯವರು ಎಂದು ಮುಂದಿನ ಸಾಲಿನಲ್ಲಿ ಕುಳ್ಳಿರಿಸುತ್ತಾರೆ. ಅಂಥವನ ಬಾಗಿಲಿಗೆ ಜಪ್ತಿಯ ಕಾಗದ ಅಂಟಿದೆ ಎಂದು ಹೇಳಿಕೊಳ್ಳುವುದು ಹೇಗೆ? ಅದಕ್ಕೇ ಈ ವಿಷಯ ಪತ್ರಿಕೆಯಲ್ಲಿ ಬರಬೇಕು ಎನ್ನುತ್ತಿದ್ದೇನೆ. ನೆರೆಯವನನ್ನು ಕೇಳಲು ನಾಚುವವನು ಪತ್ರಿಕೆಯನ್ನು ಒಬ್ಬನೇ ಕುಳಿತು ಓದಬಲ್ಲ.

ನನ್ನ ಕೋರಿಕೆ ಇಷ್ಟು. ವಾರಕ್ಕೊಮ್ಮೆ ತಮ್ಮ ಪತ್ರಿಕೆಯಲ್ಲಿ ಕಾಲು ಪುಟ ಮೀಸಲಿಟ್ಟು, 60 ದಿನಗಳ ನೋಟಿಸು ಎಂದರೇನು, ಸ್ವಾಧೀನದ ನೋಟಿಸು ಎಂದರೇನು, ಹರಾಜಿನ ಪ್ರಕಟಣೆಯಲ್ಲಿ ಯಾವ ಸಾಲನ್ನು ಮೊದಲು ಓದಬೇಕು, ಹರಾಜಿನಲ್ಲಿ ಬಾಕಿಗಿಂತ ಹೆಚ್ಚು ಹಣ ಬಂದರೆ ಅದು ಸಾಲಗಾರನಿಗೆ ಸೇರಬೇಕೆಂಬುದನ್ನು ಬ್ಯಾಂಕಿಗೆ ಹೇಗೆ ಬರೆದು ಕೇಳಬೇಕು ಎಂಬುದನ್ನು ಕಾನೂನು ಬಲ್ಲವರಿಂದ ಸರಳವಾದ ಕನ್ನಡದಲ್ಲಿ ಬರೆಸಿರಿ. ಹರಾಜಿನಲ್ಲಿ ಅಗ್ಗಕ್ಕೆ ಮನೆ ಸಿಗುತ್ತದೆಂದು ಹೋಗುವ ನಮ್ಮವರಿಗೂ, ‘ಇದ್ದಲ್ಲಿ ಇದ್ದಂತೆ’ ಎಂಬ ಷರತ್ತಿನಡಿ ಸೊಸೈಟಿಯ ಹಳೆಯ ಬಾಕಿ ಅವರ ತಲೆಗೇ ಬರಬಹುದು ಎಂಬುದನ್ನು ತಿಳಿಸಿರಿ. ಮುಂಬಯಿಯ ಕನ್ನಡ ಸಂಘಸಂಸ್ಥೆಗಳಲ್ಲಿ ವಕೀಲರೂ ನಿವೃತ್ತ ಬ್ಯಾಂಕ್ ಅಧಿಕಾರಿಗಳೂ ಧಾರಾಳವಾಗಿ ಇದ್ದಾರೆ. ಯಕ್ಷಗಾನಕ್ಕೂ ವಾರ್ಷಿಕೋತ್ಸವಕ್ಕೂ ತೆರೆಯುವ ಸಭಾಗೃಹದ ಒಂದು ಮೂಲೆಯಲ್ಲಿ ತಿಂಗಳಿಗೊಂದು ಭಾನುವಾರ ಮೇಜು ಹಾಕಿ ಕುಳಿತು, ಬಂದವರ ಲಕೋಟೆಗಳನ್ನು ಓದಿ ಹೇಳಿದರೆ ಸಾಕು, ಹೆಸರು ಬರೆದುಕೊಳ್ಳುವುದೂ ಬೇಡ. ಸೊಸೈಟಿಗಳ ಕಾರ್ಯದರ್ಶಿಗಳಾಗಿರುವ ನನ್ನಂಥವರು ನೋಟಿಸಿನ ಪ್ರತಿ ಬಂದ ದಿನವೇ ಆ ಮನೆಗೆ ಹೋಗಬೇಕು.

ಮೇಲೆ ಹೇಳಿದ ಏಳು ಲಕೋಟೆಗಳಲ್ಲಿದ್ದ ಕಾಗದಗಳನ್ನು ಆ ಮನೆಯವರ ಒಪ್ಪಿಗೆ ಪಡೆದು, ಹೆಸರು ವಿಳಾಸಗಳನ್ನು ಅಳಿಸಿ ನಾನು ಕನ್ನಡಕ್ಕೆ ತಂದಿಟ್ಟಿದ್ದೇನೆ, ಒಬ್ಬ ವಕೀಲರು ಅವುಗಳನ್ನು ನೋಡಿ ತಿದ್ದಿದ್ದಾರೆ. ತಾವು ಅಂಕಣ ಆರಂಭಿಸುವುದಾದರೆ ಅವನ್ನು ಮರುದಿನವೇ ತಮ್ಮ ಕಚೇರಿಗೆ ತಲುಪಿಸುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಹೌಸಿಂಗ್ ಸೊಸೈಟಿಯೊಂದರ ಕಾರ್ಯದರ್ಶಿ
ಡೊಂಬಿವಲಿ ಪೂರ್ವ